ನೀಲಿ ಚೀಲದ ತಿಂಡಿ

ಇಲಿಗಳು ಸಾಯುತ್ತಿರಲಿಲ್ಲ. ಮೊದಮೊದಲು ಅದು ನನಗೆ ಬರೀ ಸಂತೋಷದ ವಿಷಯವಾಗಿತ್ತು.

ಬಿಳಿ ಇಲಿಯ ಆಯುಸ್ಸು ಎರಡು, ಹೆಚ್ಚೆಂದರೆ ಎರಡೂವರೆ ವರ್ಷ. ನಮ್ಮ ಪ್ರಾಣಿಕೋಣೆಯ ಇಲಿಗಳಿಗೆ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಬಂದ ಎಂಬತ್ತರಲ್ಲಿ ಐವತ್ತೊಂಬತ್ತು ಇನ್ನೂ ಇದ್ದವು. ಇದ್ದವು ಎಂದರೆ ಮೂಲೆಯಲ್ಲಿ ಮುದುಡಿಕೊಂಡು ಅಲ್ಲ. ಬೆಳಿಗ್ಗೆ ನಾನು ಬಾಗಿಲು ತೆರೆದರೆ ಎರಡು ಕಾಲ ಮೇಲೆ ನಿಂತು ಪಂಜರದ ಸರಳು ಹಿಡಿಯುತ್ತಿದ್ದವು. ಕೆಲವು ಗಾಲಿ ಹತ್ತಿ ಗರಗರ ತಿರುಗಿಸುತ್ತಿದ್ದವು. ನನಗೆ ಅರವತ್ತೇಳು. ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತು ಅವುಗಳನ್ನು ನೋಡುತ್ತಾ, ನಮ್ಮ ಲೆಕ್ಕದಲ್ಲಿ ಇವಕ್ಕೆ ನೂರು ದಾಟಿರಬೇಕಲ್ಲ ಎಂದುಕೊಳ್ಳುತ್ತಿದ್ದೆ.

ಮೈಸೂರಿನ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ನಾನು ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಿವೃತ್ತಿಯಾಗಿ ಮನೆಯಲ್ಲಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿ ಸುಮೇಧಾ ಬಂದಳು. ಆಗಲೇ ಅವಳು ಡಾಕ್ಟರ್ ಸುಮೇಧಾ. ಹೊರವಲಯದ ಕೈಗಾರಿಕಾ ಬಡಾವಣೆಯಲ್ಲಿ ಶೆಡ್ ಒಂದನ್ನು ಬಾಡಿಗೆಗೆ ಹಿಡಿದು ಕಂಪನಿ ಶುರು ಮಾಡಿದ್ದಳು. "ಮೇಡಂ, ಇಲಿಗಳನ್ನ ಬೇರೆ ಯಾರ ಕೈಗೂ ಕೊಡೋಕೆ ಮನಸ್ಸಿಲ್ಲ," ಎಂದಳು. ತಾನೇ ಸಂಬಳ ಕೊಡುವವಳಾದರೂ ನನ್ನನ್ನು ಮೇಡಂ ಎನ್ನುವುದನ್ನು ಬಿಡಲಿಲ್ಲ. ನನ್ನ ಸ್ಟೂಲಿಗೆ ಮೆತ್ತೆ ಹೊಲಿಸಿ ತಂದವಳೂ ಅವಳೇ.

ಅವಳ ಔಷಧಿಯ ಬಗ್ಗೆ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಒಂದೊಂದು ಜೀವಕೋಶವೂ ಒಂದು ಮನೆ ಇದ್ದ ಹಾಗೆ. ಪ್ರಾಯದಲ್ಲಿ ದಿನಾ ಕಸ ಗುಡಿಸಿ ಹೊರಗೆ ಹಾಕುತ್ತದೆ. ವಯಸ್ಸಾದಂತೆ ಗುಡಿಸುವುದು ನಿಲ್ಲುತ್ತದೆ, ಕಸ ಕೂಡುತ್ತದೆ, ಅದನ್ನೇ ನಾವು ಮುಪ್ಪು ಎನ್ನುತ್ತೇವೆ. ಪೊರಕೆಯನ್ನು ಮತ್ತೆ ಕೈಗೆ ಕೊಡುವ ಔಷಧಿ ಸುಮೇಧಾಳದು. ಅದಕ್ಕಾಗಿ ಹನ್ನೊಂದು ವರ್ಷ ಸವೆಸಿದ್ದಳು.

ಇಂಥ ಕೆಲಸಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಫಲ ಬರುವುದೋ ಇಲ್ಲವೋ ಎಂದು ಗೊತ್ತಿಲ್ಲದಾಗಲೇ ಬಂಡವಾಳ ಹಾಕುವ ಫಂಡ್‌ಗಳಿವೆ. ಹತ್ತು ಕಂಪನಿಗೆ ಹಾಕುತ್ತಾರೆ, ಒಂಬತ್ತು ಮುಳುಗುತ್ತವೆ, ಹತ್ತನೆಯದು ಎಲ್ಲವನ್ನೂ ತುಂಬಿಕೊಡುತ್ತದೆ. ಬೆಂಗಳೂರಿನ ಅಂಥ ಫಂಡ್ ಒಂದು ಸುಮೇಧಾಳನ್ನು ನಂಬಿತ್ತು. ಒಪ್ಪಂದ ಸರಳವಾಗಿತ್ತು. ಇಲಿಗಳ ಮೇಲಿನ ಪ್ರಯೋಗ ಗೆದ್ದರೆ ಮುಂದಿನ ಹಂತಕ್ಕೆ, ಮನುಷ್ಯರ ಮೇಲಿನ ಪ್ರಯೋಗಕ್ಕೆ, ಬಂಡವಾಳ. ಆಗ ಸುಮೇಧಾ ಹಟ ಹಿಡಿದು ಬರೆಸಿದ್ದ ಒಂದು ಷರತ್ತೂ ಉಳಿಯುತ್ತದೆ: ಔಷಧಿ ದೊಡ್ಡ ಆಸ್ಪತ್ರೆಗೂ ಸರ್ಕಾರಿ ಆಸ್ಪತ್ರೆಗೂ ಒಂದೇ ಬೆಲೆಗೆ ಹೋಗಬೇಕು. ಸೋತರೆ ಸೂತ್ರ, ಪೇಟೆಂಟ್, ಕೊನೆಗೆ ಇಲಿಗಳೂ ಫಂಡ್‌ನ ಪಾಲು. ಷರತ್ತೂ ಇಲ್ಲ, ಸುಮೇಧಾಳೂ ಇಲ್ಲ.

ಕೋಣೆಯಲ್ಲಿ ಎದುರುಬದುರು ಎರಡು ಸಾಲು ಪಂಜರಗಳು. ಒಂದಕ್ಕೆ ನೀಲಿ ಚೀಟಿ, ಇನ್ನೊಂದಕ್ಕೆ ಹಳದಿ ಚೀಟಿ. ಪ್ರತಿ ಸೋಮವಾರ ಸುಮೇಧಾ ಎಲ್ಲ ಇಲಿಗಳಿಗೂ ಇಂಜೆಕ್ಷನ್ ಕೊಡುತ್ತಿದ್ದಳು. ಒಂದು ಸಾಲಿಗೆ ಔಷಧಿ, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎನ್ನುವುದು ಫಂಡ್‌ನವರ ಕಪಾಟಿನ ಲಕೋಟೆಯಲ್ಲಿತ್ತು. ಹಾಗೆಂದು ನನಗೆ ಹೇಳಿದ್ದರು, ಹಾಗೆಂದೇ ನಾನು ನಂಬಿದ್ದೆ.

ತಿಂಡಿ ಹಾಕುವುದು ನನ್ನ ಕೆಲಸ. ಪೆಲೆಟ್ ಎನ್ನುತ್ತಾರೆ, ಕಿರುಬೆರಳಿನಷ್ಟು ಉದ್ದದ ಒಣ ತಿಂಡಿ. ನೀಲಿ ಚೀಲದ್ದು ನೀಲಿ ಸಾಲಿಗೆ, ಹಳದಿ ಚೀಲದ್ದು ಹಳದಿ ಸಾಲಿಗೆ. ಯಾವ ಸಾಲು ಎಷ್ಟು ತಿಂದಿತು ಎಂದು ತೂಗುವುದಕ್ಕೆ ಬೇರೆ ಬೇರೆ ಚೀಲ ಇಟ್ಟಿದ್ದಾರೆ ಎಂದುಕೊಂಡೆ.

ಮೊದಲ ದಿನವೇ ವ್ಯತ್ಯಾಸ ಕಂಡಿತು. ನೀಲಿ ಚೀಲದ್ದಕ್ಕೆ ಕಡಲೆಕಾಯಿ ಎಣ್ಣೆಯ ಘಮ. ಹಳದಿಯದು ಒಣ ಕಡ್ಡಿ. ನೀಲಿ ಸಾಲಿಗೆ ಹಾಕುವಾಗ ಹಳದಿ ಸಾಲಿನವು ಸರಳಿನ ಸಂದಿಯಲ್ಲಿ ಮೂಗು ತೂರಿಸಿ ಎದುರಿನ ತಟ್ಟೆಯನ್ನೇ ಮೂಸುತ್ತಿದ್ದವು.

ನಮ್ಮ ತಾಯಿ ಬಡ ವಿದ್ಯಾರ್ಥಿಗಳ ಉಚಿತ ಹಾಸ್ಟೆಲೊಂದರಲ್ಲಿ ಅಡಿಗೆಯವರಾಗಿದ್ದರು. ಲಂಗ ಎತ್ತಿಕಟ್ಟಿಕೊಂಡು ಬಡಿಸಲು ನಾನೂ ಹೋಗುತ್ತಿದ್ದೆ. ಅಲ್ಲಿ ಒಂದೇ ನಿಯಮ. ಮೊದಲನೇ ಎಲೆಗೆ ಏನು ಬಿತ್ತೋ ಕೊನೇ ಎಲೆಗೂ ಅದೇ ಬೀಳಬೇಕು. ತುಪ್ಪ ಕಡಿಮೆಯಾಗುತ್ತದೆ ಎನ್ನಿಸಿದರೆ ಮೊದಲ ಎಲೆಯಿಂದಲೇ ಹನಿ ಹನಿ ಬಡಿಸಬೇಕು. ಒಮ್ಮೆ ನಾನು ಪರಿಚಯದ ಹುಡುಗಿಗೆ ಎರಡು ಹಪ್ಪಳ ಹಾಕಿದ್ದಕ್ಕೆ ಅಮ್ಮ ಎಲ್ಲರೆದುರು ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡಿದ್ದರು. ಪಂಕ್ತಿಭೇದ ಎನ್ನುವ ಮಾತು ಅವರ ಬಾಯಲ್ಲಿ ಬೈಗುಳಕ್ಕಿಂತ ಕೆಟ್ಟದಾಗಿ ಕೇಳುತ್ತಿತ್ತು.

ಅಷ್ಟೇ ಆಗಿದ್ದರೆ ಮನಸ್ಸನ್ನು ಬಿಗಿಹಿಡಿಯುತ್ತಿದ್ದೆನೇನೋ. ಆದರೆ ನಾನು ಓದಿದ ವಿಜ್ಞಾನವೂ ಅದನ್ನೇ ಹೇಳಿತು. ಪ್ರಯೋಗದಲ್ಲಿ ಎರಡು ಗುಂಪಿನ ನಡುವೆ ಒಂದೇ ಒಂದು ವ್ಯತ್ಯಾಸ ಇರಬೇಕು, ಉಳಿದದ್ದೆಲ್ಲ ಸಮ ಇರಬೇಕು ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ವ್ಯತ್ಯಾಸ ಇಂಜೆಕ್ಷನ್ನಿನಲ್ಲಿದೆ. ಮತ್ತೆ ತಿಂಡಿಯಲ್ಲಿ ಯಾಕೆ? ಮನೆಯಿಂದ ಒಂದು ಸ್ಟೀಲ್ ಬೇಸಿನ್ ತಂದೆ. ಎರಡೂ ಚೀಲದಿಂದ ಸಮಸಮ ತೂಗಿ ಬೆರೆಸಿ ಎರಡು ಸಾಲಿಗೂ ಹಾಕಿದೆ. ತೂಕ ಒಂದು ಗ್ರಾಮೂ ತಪ್ಪಲಿಲ್ಲ. ಮೂರು ವರ್ಷ ಹಾಗೇ ಮಾಡಿದೆ. ಯಾರೂ ಕೇಳಲಿಲ್ಲ.

ಕೇಳಿದವರು ಒಬ್ಬರೇ, ಪ್ರದ್ಯುಮ್ನ. ಫಂಡ್‌ನ ಪರವಾಗಿ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದರು. ನಲವತ್ತೈದರ ಆಸುಪಾಸು, ಮೆಲು ಮಾತಿನವರು. ಉಳಿದವರು ಕಂಪ್ಯೂಟರ್ ಮುಂದೆ ಕೂತು ಎದ್ದು ಹೋದರೆ ಇವರು ಪ್ರಾಣಿಕೋಣೆಗೂ ಬಂದು, "ಹೇಗಿದೀರಮ್ಮ, ಮಂಡಿ ಹೇಗಿದೆ?" ಎನ್ನುತ್ತಿದ್ದರು. ಹತ್ತು ತಿಂಗಳ ಹಿಂದೆ ಒಮ್ಮೆ ನಾನು ತಿಂಡಿ ಬೆರೆಸುತ್ತಿರುವಾಗ ಒಳಗೆ ಬಂದರು.

"ಇದೇನಮ್ಮ, ಬೇಸಿನ್ನು?"

"ಬೆರೆಸೋಕೆ. ನೀಲಿದು ಘಮಘಮ ಅನ್ನತ್ತೆ, ಹಳದಿದು ನೋಡಿ, ಒಣಕಡ್ಡಿ. ಒಬ್ಬರ ಎಲೆಗೆ ಹೋಳಿಗೆ, ಪಕ್ಕದವರಿಗೆ ತಂಗಳು ಬಡಿಸೋಕಾಗತ್ತಾ? ಅರ್ಧರ್ಧ ಹಾಕ್ತೀನಿ."

"ಯಾವಾಗ್ಲಿಂದ?"

"ಮೊದಲನೇ ದಿನದಿಂದ."

ಅವರು ಎರಡು ಸಾಲಿನ ಇಲಿಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ನಕ್ಕರು. "ನಮ್ಮಮ್ಮನೂ ಥೇಟ್ ನಿಮ್ ಥರಾನೇ. ನಾಯಿ ಬೆಕ್ಕಿಗೆಲ್ಲ ಒಂದೇ ಪಾಲು. ಎಂಬತ್ತೊಂದಾಯ್ತು, ಈಗ ಹಾಸಿಗೆಯಿಂದ ಏಳೋದೇ ಕಷ್ಟ." ನನ್ನ ಕೈಯಿಂದ ಎರಡು ಪೆಲೆಟ್ ಕೆಳಗೆ ಬಿದ್ದವು. ನಾನು ಬಗ್ಗಲು ಹೋದರೆ, "ಬೇಡಿ ಬೇಡಿ, ಮಂಡಿ," ಎಂದು ತಾವೇ ನೆಲಕ್ಕೆ ಕೂತು ಆರಿಸಿದರು. ಇಸ್ತ್ರಿ ಪ್ಯಾಂಟು ಧೂಳಾಯಿತು. ಕಸದ ಬುಟ್ಟಿ ಹತ್ತಿರದಲ್ಲಿರಲಿಲ್ಲವೆಂದು ಜೇಬಿಗೆ ಹಾಕಿಕೊಂಡರು. ದೊಡ್ಡ ಮನುಷ್ಯರಲ್ಲಿ ಇಂಥ ನಡತೆ ಅಪರೂಪ ಎಂದುಕೊಂಡೆ.

"ಸುಮೇಧಾ ಅವರಿಗೆ ಗೊತ್ತಾ ಇದು?"

"ಇಷ್ಟಕ್ಕೆಲ್ಲ ಅವಳನ್ನ ಯಾಕೆ ಕರೆಯೋದು?"

"ಸರಿ ಬಿಡಿ. ಪಾಪ, ಅವರ ತಲೆಗೆ ಸಾವಿರ ಇರತ್ತೆ. ಹೇಳೋದೇನೂ ಬೇಡ."

ತಪಾಸಣೆಗೆಂದು ಎರಡೂ ಚೀಲದಿಂದ ಒಂದೊಂದು ಹಿಡಿ ಪೊಟ್ಟಣ ಕಟ್ಟಿಕೊಡುವುದು ರೂಢಿಯಾಗಿತ್ತು. ಅವತ್ತಿನಿಂದ, "ಹಳದಿ ಚೀಲ ಮೇಲಿನ ಕಪಾಟಲ್ಲಿದೆ, ನೀವು ಹತ್ತಿ ಇಳಿಯೋದು ಬೇಡ. ನೀಲಿ ಒಂದೇ ಸಾಕು, ಬೇಕಾದ್ರೆ ಸ್ವಲ್ಪ ಜಾಸ್ತಿ ಹಾಕಿ," ಎಂದರು. ಆ ಸಂಜೆ ಮನೆಯಲ್ಲಿ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಗುರುವಾರ ಲಕೋಟೆ ಒಡೆದರು.

ಮೀಟಿಂಗ್ ಕೋಣೆಯಲ್ಲಿ ಪ್ರದ್ಯುಮ್ನರೂ ಸೇರಿ ಫಂಡ್‌ನ ಮೂವರು, ಸುಮೇಧಾ, ಕೊನೆಯ ಕುರ್ಚಿಯಲ್ಲಿ ನಾನು. ಸುಮೇಧಾಳೇ ಕರೆದು ಕೂರಿಸಿದ್ದಳು. ರೇಷ್ಮೆ ಸೀರೆ ಉಟ್ಟಿದ್ದಳು.

ಮೊದಲು ಅವಳು ಎದ್ದು ನಿಂತು ಹೇಳಿದಳು. "ನಮ್ಮ ಸ್ಟಾಫ್‌ಗೂ ಗೊತ್ತಿಲ್ಲದ ಒಂದು ವಿಷಯ ಇದೆ. ಮೇಡಂ, ಕ್ಷಮಿಸಿ, ನಿಮಗೂ ಹೇಳಿರ್ಲಿಲ್ಲ. ಇದು ಫಂಡ್‌ನವರ ಷರತ್ತು. ಅವರ ಹಿಂದಿನ ಒಂದು ಕಂಪನಿಯಲ್ಲಿ ಕೆಲಸದವರು ಔಷಧಿಯ ಸಾಲು ಯಾವುದು ಅಂತ ಊಹಿಸಿ ಅದನ್ನೇ ಚೆನ್ನಾಗಿ ನೋಡ್ಕೊಂಡ್ರಂತೆ. ಅದಕ್ಕೇ ಇಲ್ಲಿ ಒಂದು ಮರೆ ಇಟ್ವಿ. ಇಂಜೆಕ್ಷನ್ ಎಲ್ಲಾ ಬರೀ ಉಪ್ಪುನೀರು, ಎರಡು ಸಾಲಿಗೂ. ಔಷಧಿ ಇರೋದು ತಿಂಡಿಯಲ್ಲಿ. ಯಾವ ಚೀಲದಲ್ಲಿ ಅನ್ನೋದು ಮಾತ್ರ ಈ ಲಕೋಟೆಯಲ್ಲಿದೆ."

ಲಕೋಟೆ ಹರಿದಳು. ಚೀಟಿಯಲ್ಲಿ ಒಂದೇ ಪದ. ನೀಲಿ.

ಕೈಯಲ್ಲಿದ್ದ ಕಾಫಿ ಲೋಟ ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಪರದೆಯ ಮೇಲೆ ಅಂಕಿಗಳು ಬಂದವು. ನೀಲಿ ಸಾಲು, ನಲವತ್ತರಲ್ಲಿ ಇಪ್ಪತ್ತೊಂಬತ್ತು ಬದುಕಿವೆ. ಹಳದಿ ಸಾಲು, ನಲವತ್ತರಲ್ಲಿ ಮೂವತ್ತು.

ಫಂಡ್‌ನ ತಜ್ಞರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. "ಔಷಧಿ ತಿನ್ನದವೂ ಇಷ್ಟು ಬದುಕಿವೆ ಅಂದ್ರೆ ಈ ತಳಿಯೇ ಗಟ್ಟಿ ಅಂತ ಅರ್ಥ. ನಿಮ್ಮ ಔಷಧಿಯ ಪಾತ್ರ ಏನೂ ಇಲ್ಲ. ಸಾರಿ, ಡಾಕ್ಟರ್."

ಸುಮೇಧಾ ಅಳಲಿಲ್ಲ. "ವ್ಯತ್ಯಾಸ ಇಲ್ಲ ಅಂದ್ರೆ ಔಷಧಿ ಇಲ್ಲ," ಎಂದು ತಾನೇ ಮೆಲ್ಲಗೆ ಹೇಳಿಕೊಂಡು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡಿದಳು. ನಾಳೆ ಹನ್ನೊಂದಕ್ಕೆ ಸಹಿ ಎಂದು ಯಾರೋ ಹೇಳಿದರು. ನಾನು ಏಳಬೇಕಿತ್ತು, ಹೇಳಬೇಕಿತ್ತು. ಕೂತೇ ಇದ್ದೆ. ಪ್ರದ್ಯುಮ್ನ ನನ್ನ ಕುರ್ಚಿಯ ಪಕ್ಕ ಬಂದು ನೀರಿನ ಲೋಟ ಕೈಗಿಟ್ಟರು. ಭುಜ ಮುಟ್ಟಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. "ಸುಮ್ನಿರಿ ಅಮ್ಮ. ಇದ್ರಲ್ಲಿ ನಿಮ್ಮ ತಪ್ಪೇನಿಲ್ಲ. ಮನೆಗೆ ಹೋಗಿ ಮಲ್ಕೊಳ್ಳಿ."

ಮನೆಗೆ ಬಂದಾಗ ನಮ್ಮ ಯಜಮಾನರು ಹಜಾರದಲ್ಲಿ ಪೇಪರ್ ಹಾಸಿಕೊಂಡು ಅವರೆಕಾಳು ಹಿಚುಕುತ್ತಿದ್ದರು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ನನ್ನ ಕೆಲಸದ ಬಗ್ಗೆ ಅವರಿಗೆ ಮೊದಲಿನಿಂದಲೂ ತಮಾಷೆ.

"ಏನೇ ನೀಲಾ, ಇವತ್ತು ಗೆದ್ರಾ? ನೋಡು, ಇನ್ನೂರು ವರ್ಷ ಬದುಕಿಸ್ತೀರಾದ್ರೆ ಮೊದಲೇ ಹೇಳ್ಬಿಡಿ. ಪೆನ್ಷನ್ ಆಫೀಸಿನವರು ಎದೆ ಒಡ್ಕೊಂಡು ಸಾಯ್ತಾರೆ, ಪಾಪ."

ನಾನು ಚಪ್ಪಲಿ ಬಿಡದೆ ಅಲ್ಲೇ ನಿಂತಿದ್ದೆ. ಅವರು ಕಾಳು ಬಿಟ್ಟು ಎದ್ದು ಬಂದು, ನನ್ನನ್ನು ಕೂರಿಸಿ, ಬಗ್ಗಿ ತಾವೇ ನನ್ನ ಚಪ್ಪಲಿ ಬಿಚ್ಚಿದರು. ಆಗ ಅಳು ಬಂತು. ಬೇಸಿನ್ನಿನ ವಿಷಯ ಪೂರ್ತಿ ಹೇಳಿದೆ.

"ಅಂದ್ರೆ ಎರಡು ಸಾಲೂ ಔಷಧಿ ತಿಂದಿವೆ."

"ಅರ್ಧರ್ಧ."

"ಅಯ್ಯೋ, ಹಾಗಾದ್ರೆ ಸೋತಿಲ್ಲ ಕಣೇ! ಅರ್ಧ ತಿಂದೇ ಇಷ್ಟು ಬದುಕಿವೆ ಅಂದ್ರೆ..." ತಮ್ಮ ಕೈಯನ್ನು, ಚರ್ಮ ಸುಕ್ಕಾದ ಬೆರಳುಗಳನ್ನು, ಒಮ್ಮೆ ನೋಡಿಕೊಂಡರು. "ಹೋಗಿ ಹೇಳ್ಬಿಡು. ಅಲ್ಲೇ ಯಾಕೆ ಹೇಳ್ಲಿಲ್ಲ?"

"ಬಾಯೇ ಬರ್ಲಿಲ್ಲ ಕಣ್ರೀ. ಆ ಪ್ರದ್ಯುಮ್ನ ಒಬ್ಬರೇ ಬಂದು ನೀರು ಕೊಟ್ಟು ನಿಮ್ಮ ತಪ್ಪೇನಿಲ್ಲ ಅಂದ್ರು."

ಯಜಮಾನರು ಮತ್ತೆ ಕಾಳಿನ ಮುಂದೆ ಕೂರುವವರು ಅರ್ಧಕ್ಕೇ ನಿಂತರು. "ತಪ್ಪು ಅಂತ ನೀನು ಬಾಯೇ ಬಿಟ್ಟಿಲ್ಲ. ಅವ್ರಿಗೆ ಹೇಗೆ ಗೊತ್ತಾಯ್ತು?"

ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದಳು. ನೆಲಕ್ಕೆ ಕೂತು ಪೆಲೆಟ್ ಆರಿಸಿದ ಆ ಕೈ ನನಗೆ ನೆನಪಾಯಿತು. ಹೇಳೋದೇನೂ ಬೇಡ ಎಂದದ್ದೂ ನೆನಪಾಯಿತು. ಹತ್ತು ತಿಂಗಳು ಅವರಿಗೆ ಗೊತ್ತಿತ್ತು. ಔಷಧಿ ತಿಂಡಿಯಲ್ಲಿದೆ ಎನ್ನುವುದೂ, ನಾನು ಅದನ್ನು ಬೆರೆಸುತ್ತಿದ್ದೇನೆ ಎನ್ನುವುದೂ. ಒಂದು ಮಾತು ಹೇಳಿದ್ದರೆ ಸರಿಯಾಗುತ್ತಿತ್ತು. ಆದರೆ ಪ್ರಯೋಗ ಸೋಲಬೇಕಿತ್ತು. ಸೋತರೇ ಸೂತ್ರ ಅವರದು.

ಮಾರನೆಯ ದಿನ ಹತ್ತಕ್ಕೇ ಹೋದೆ. ಯಜಮಾನರು ಆಟೋದಲ್ಲಿ ಜೊತೆಗೆ ಬಂದು ಗೇಟಿನ ಹೊರಗೆ ಕೂತರು. ಒಳಗೆ ಸುಮೇಧಾಳ ಮೇಜಿನ ಮೇಲೆ ಕಾಗದಗಳು ಹರಡಿದ್ದವು. ಪ್ರದ್ಯುಮ್ನ ಆಗಲೇ ಬಂದು, ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ್ದರು.

"ಸಹಿ ಹಾಕ್ಬೇಡ," ಎಂದೆ. ಮೇಜು ಹಿಡಿದುಕೊಂಡು ಎಲ್ಲ ಹೇಳಿದೆ.

ಸುಮೇಧಾ ಬಿಳಿಚಿಕೊಂಡಳು. "ಮೇಡಂ... ಮೂರು ವರ್ಷ?"

"ಮೂರು ವರ್ಷ. ಏನು ಶಿಕ್ಷೆ ಕೊಟ್ರೂ ಸರಿ. ಆದ್ರೆ ಔಷಧಿ ಸುಳ್ಳಲ್ಲ ಕಣಮ್ಮ."

ಪ್ರದ್ಯುಮ್ನ ನನ್ನ ಕಡೆ ಕರುಣೆಯಿಂದ ನೋಡಿದರು. ನಿಜವಾದ ಕರುಣೆಯಂತೆಯೇ ಇತ್ತು. "ಪಾಪ, ನಿಮ್ಮ ಮೇಲಿನ ಪ್ರೀತಿಗೆ ಹೇಳ್ತಿದಾರೆ, ಡಾಕ್ಟರ್. ತೂಕದ ದಾಖಲೆ ಎಲ್ಲಾ ಸರಿಯಾಗಿದೆ. ಬೆರೆಸಿದ್ದಕ್ಕೆ ಪುರಾವೆ ಎಲ್ಲಿ?"

"ನಿಮಗೆ ಹೇಳಿದ್ನಲ್ಲ! ಬೇಸಿನ್ ನೋಡಿದ್ರಲ್ಲ ನೀವು!"

"ನಾನಾ? ಯಾವಾಗಮ್ಮ?"

ಅದೇ ಮೆಲುದನಿ. ನಾನು ಕುರ್ಚಿ ಎಳೆದು ಕೂತೆ. ಸುಮೇಧಾ ಮಾತ್ರ ನಿಂತೇ ಇದ್ದಳು. ಏನೋ ನೆನಪಿಸಿಕೊಳ್ಳುತ್ತಿರುವವಳ ಹಾಗೆ ಕಣ್ಣು ಕಿರಿದಾಗಿತ್ತು. ಆಮೇಲೆ ಉಗ್ರಾಣಕ್ಕೆ ಓಡಿದಳು. ಬರುವಾಗ ಕೈಯಲ್ಲಿ ಅಂಗಡಿಯವರು ಕಳ್ಳನೋಟು ನೋಡುವಂಥ ನೇರಳೆ ದೀಪವಿತ್ತು. ಪಂಜರದಲ್ಲಿ ಉಚ್ಚೆಯ ಕಲೆ ಹುಡುಕಲು ಮೊದಲು ನಾನು ಬಳಸುತ್ತಿದ್ದ ದೀಪವೇ. ಪ್ರಯೋಗ ಶುರುವಾದ ದಿನ ಅವಳು ಅದನ್ನು ಯಾಕೆ ಎತ್ತಿಟ್ಟಳೋ ನನಗೆ ತಿಳಿದಿರಲಿಲ್ಲ.

"ಔಷಧಿ ಹಲ್ಲಿಗೆ ಅಂಟ್ಕೊಳ್ಳುತ್ತೆ, ಮೇಡಂ. ಬೆಳಕಲ್ಲಿ ಕಾಣಲ್ಲ, ಈ ದೀಪಕ್ಕೆ ಹೊಳೆಯುತ್ತೆ. ಮೊದಲ ನಾಲ್ಕು ಇಲಿಗಳಲ್ಲಿ ನೋಡಿದ್ದೆ. ಯಾರಾದ್ರೂ ದೀಪ ಹಿಡಿದು ಗುಟ್ಟು ಒಡೆದುಬಿಟ್ರೆ ಅಂತ ಯಾವ ವರದಿಯಲ್ಲೂ ಬರೀಲಿಲ್ಲ."

ಮೂವರೂ ಪ್ರಾಣಿಕೋಣೆಗೆ ಹೋದೆವು. ಕಿಟಕಿಯ ಪರದೆ ಎಳೆದು ಬಾಗಿಲು ಹಾಕಿದಳು, ಟ್ಯೂಬ್‌ಲೈಟ್ ಆರಿಸಿದಳು. ಕತ್ತಲಲ್ಲಿ ಗಾಲಿಗಳ ಗರಗರ ಮಾತ್ರ. ನಾನು ತಡವಿಕೊಂಡು ಹಳದಿ ಸಾಲಿನ ಮೊದಲ ಪಂಜರ ತೆರೆದು, ಕಿವಿ ಹರಿದ ಹೆಣ್ಣಿಲಿಯನ್ನು ಅಂಗೈಗೆ ತೆಗೆದುಕೊಂಡೆ. ಹೆಬ್ಬೆರಳಿನಿಂದ ತುಟಿ ಸರಿಸಿದೆ. ಸುಮೇಧಾ ದೀಪ ಹೊತ್ತಿಸಿದಳು.

ಗಿಳಿಯ ರೆಕ್ಕೆಯಂಥ ಹಸಿರು. ಎರಡು ಪುಟ್ಟ ಹಲ್ಲು, ಉರಿಯುವ ಹಾಗೆ.

ಎರಡನೆಯ ಪಂಜರ. ಹಸಿರು. ಮೂರನೆಯದು, ನಾಲ್ಕನೆಯದು. ಔಷಧಿ ಒಂದು ಕಣವನ್ನೂ ತಿನ್ನಬಾರದಿದ್ದ ಸಾಲು ಉದ್ದಕ್ಕೂ ಹಸಿರಾಗಿ ಹೊಳೆಯಿತು. ಸುಮೇಧಾ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಆ ಬೆಳಕಿನಲ್ಲಿ ಅವಳ ಹಲ್ಲು ಎಲ್ಲರ ಹಲ್ಲಿನಂತೆ ಮಾಸಲು ನೀಲಿಯಾಗಿ ಕಂಡಿತು. "ಕೆಲಸ ಮಾಡಿದೆ ಮೇಡಂ," ಎಂದಳು. "ಅರ್ಧ ಪಾಲಿಗೇ ಕೆಲಸ ಮಾಡಿದೆ."

"ಡಾಕ್ಟರ್, ದಯವಿಟ್ಟು. ಇದ್ರಿಂದ ಏನೂ ಸಾಬೀತಾಗಲ್ಲ." ಬೆನ್ನ ಹಿಂದಿನಿಂದ ಪ್ರದ್ಯುಮ್ನರ ದನಿ ಬಂತು.

ದನಿ ಬಂದ ಕಡೆಗೆ ಸುಮೇಧಾ ತಿರುಗಿದಳು. ದೀಪವೂ ಅವಳ ಜೊತೆ ತಿರುಗಿತು.

ಮುಖ ಕಾಣಲಿಲ್ಲ. ಕತ್ತಲಲ್ಲಿ ಆಳೆತ್ತರದಲ್ಲಿ ಎರಡು ಸಾಲು ಹಲ್ಲು ಮಾತ್ರ ಮಾತಾಡುತ್ತಿತ್ತು. ಹಸಿರು. ಗಿಳಿಹಸಿರು.

ನನ್ನ ಅಂಗೈಯ ಇಲಿ ಕಿಚ್ ಎಂದಿತು. ಎಷ್ಟು ಬಿಗಿಯಾಗಿ ಹಿಡಿದುಬಿಟ್ಟಿದ್ದೆನೋ. ಸುಮೇಧಾ ದೀಪವನ್ನು ಅಲ್ಲೇ ಹಿಡಿದಳು. ಏನಾಯಿತೆಂದು ಪ್ರದ್ಯುಮ್ನರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಾಯಿ ಮುಚ್ಚಿದರು. ಕೋಣೆ ಮತ್ತೆ ಕತ್ತಲಾದ ಹಾಗಾಯಿತು.

ಹತ್ತು ತಿಂಗಳಿಗೆ ನೀಲಿ ಚೀಲದ ಹತ್ತು ಪೊಟ್ಟಣ. ಯಾವ ಚೀಲ ಎಂದು ಹೇಳುವ ಲಕೋಟೆ ಅವರ ಕಪಾಟಿನಲ್ಲೇ ಇತ್ತಲ್ಲ. ಒಂದೊಂದನ್ನೂ ನಾನೇ ಕಟ್ಟಿದ್ದೆ. ಚೆಲ್ಲದಿರಲಿ ಎಂದು ಎರಡು ಸುತ್ತು ದಾರ ಸುತ್ತಿ, ಜೋಪಾನ ಎಂದು ಹೇಳಿ ಕೈಗೆ ಕೊಟ್ಟಿದ್ದೆ.

ಸುಮೇಧಾ ಮೆಲ್ಲಗೆ ಟ್ಯೂಬ್‌ಲೈಟ್ ಹಾಕಿದಳು. ಪ್ರದ್ಯುಮ್ನ ಗೋಡೆಗೆ ಒರಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಬೆಳಕಿನಲ್ಲಿ ಈಗಷ್ಟೇ ಗಮನಿಸಿದೆ, ಕಿವಿಯ ಹತ್ತಿರದ ನರೆ ಕಪ್ಪಾಗುತ್ತಾ ಬಂದಿತ್ತು. ಹಾಸಿಗೆಯಿಂದ ಏಳಲಾಗದ ಆ ಮುದುಕಿಯ ನೆನಪಾಯಿತು.

"ನಿಮ್ಮ ತಾಯಿಗೆ ಕೊಟ್ರಾ?" ಎಂದೆ.

ಅವರು ತಲೆ ತಗ್ಗಿಸಿದರು. ಬೆರಳ ಸಂದಿಯಿಂದ ಮಾತು ಬಂತು.

"ಒಬ್ಬರಿಗಾಗುವಷ್ಟೇ ಇತ್ತು, ಅಮ್ಮ."